‘ಚಾರ್ಜು’ ಎಂಬ ಬಹುರೂಪಿ

ನಂಜನಗೂಡಿನ ಬಸ್ಸು ನಿಲ್ದಾಣದಲ್ಲಿ ಅರ್ಧ ಗಂಟೆ ಕಿವಿಗೊಟ್ಟು ನಿಂತವರಿಗೆ, ಇಂಗ್ಲಿಷಿನ ಒಂದು ಪುಟ್ಟ ಪದ ಎಷ್ಟು ವೇಷ ಹಾಕಬಲ್ಲದೆಂಬುದು ತಾನಾಗಿ ತಿಳಿಯುತ್ತದೆ. ತಿರುಮಕೂಡಲು ನರಸೀಪುರಕ್ಕೆ ಹೊರಟ ರೈತ ‘ಚಾರ್ಜು ಎಷ್ಟು?’ ಎಂದು ಕಂಡಕ್ಟರನನ್ನು ಕೇಳುತ್ತಾನೆ. ಪಕ್ಕದ ತರುಣನ ಮೊಬೈಲಿನಲ್ಲಿ ‘ಚಾರ್ಜು’ ಮುಗಿದಿದೆ. ಮಗಳು ಇಂದು ಆಸ್ಪತ್ರೆಯಿಂದ ‘ಡಿಸ್ಚಾರ್ಜು’ ಆಗುವಳೆಂದು ತಾಯಿಯೊಬ್ಬಳ ಸಂತೋಷ. ಕಚೇರಿಯಲ್ಲಿ ಹೊಸ ಅಧಿಕಾರಿ ‘ಚಾರ್ಜು’ ತೆಗೆದುಕೊಂಡರೆಂದು ಒಬ್ಬರೆಂದರೆ, ಪೊಲೀಸರು ‘ಚಾರ್ಜ್‌ಷೀಟು’ ಹಾಕಿದರೆಂದು ಇನ್ನೊಬ್ಬರು. ಇನ್ನು ಹೆಡಿಯಾಲದ ಕಾಡಂಚಿನಲ್ಲಿ ಆನೆ ‘ಚಾರ್ಜು’ ಮಾಡಿತೆಂದರೆ ಅದು ಹಣ ಕೇಳಿತೆಂದು ಯಾರೂ ತಿಳಿಯುವುದಿಲ್ಲ, ಓಟ ಕೀಳುತ್ತಾರೆ!

ಇಷ್ಟೆಲ್ಲ ಅರ್ಥ ಒಂದೇ ಪದಕ್ಕೆ ಅಂಟಿಕೊಂಡದ್ದು ಹೇಗೆ? ಅದರ ಮೂಲ ಲ್ಯಾಟಿನ್ ಭಾಷೆಯಲ್ಲಿದೆ; ಅರ್ಥ, ಗಾಡಿಗೆ ಹೊರೆ ಹೇರುವುದು. ಹೇರಿದ ವೆಚ್ಚವೂ ಚಾರ್ಜು, ವಹಿಸಿದ ಹೊಣೆಯೂ ಚಾರ್ಜು, ಹೊರಿಸಿದ ಆಪಾದನೆಯೂ ಚಾರ್ಜು. ಕೋವಿಗೆ ಮದ್ದು ತುಂಬುವುದಕ್ಕೆ ಸಲ್ಲುತ್ತಿದ್ದ ಈ ಮಾತು 18ನೆಯ ಶತಮಾನದಲ್ಲಿ ವಿದ್ಯುತ್ತಿಗೂ ಸಂದಿತು. ಹೇರಿದ್ದನ್ನು ಇಳಿಸುವುದೇ ಡಿಸ್ಚಾರ್ಜು.

ಇದನ್ನು ಪರಭಾಷೆಯ ವಿಚಿತ್ರವೆಂದು ನಗುವ ಮುನ್ನ ನಮ್ಮ ಮನೆಯ ಮಾತನ್ನು ನೋಡೋಣ. ಕನ್ನಡಿಗನೂ ಮೂಟೆ ಹೊರುತ್ತಾನೆ, ಖರ್ಚು ಹೊರುತ್ತಾನೆ, ಹೊಣೆ ಹೊರುತ್ತಾನೆ. ಇನ್ನೊಬ್ಬನ ಮೇಲೆ ಆರೋಪ ಹೊರಿಸುತ್ತಾನೆ. ಎರಡು ದೂರದ ಭಾಷೆಗಳು ಒಂದೇ ಗಾಡಿಯ ಜಾಡಿನಲ್ಲಿ ಸಾಗಿವೆ! ‘ಹಾಕು’ ಎಂಬ ನಮ್ಮ ಕ್ರಿಯಾಪದವಂತೂ ಇನ್ನೂ ಉದಾರಿ: ಅಂಗಿ ಹಾಕುತ್ತೇವೆ, ಅನ್ನಕ್ಕೆ ಸಾರು ಹಾಕುತ್ತೇವೆ, ರಂಗೋಲಿ ಹಾಕುತ್ತೇವೆ, ಬಾಗಿಲು ಹಾಕುತ್ತೇವೆ, ಅರ್ಜಿಯನ್ನೂ ಹಾಕುತ್ತೇವೆ.

‘ಸೆಟ್ಟು’ ಎಂಬ ಪದದ ಕಥೆ ಬೇರೆ. ನದೀತೀರದ ಗದ್ದೆಯಲ್ಲಿ ಪಂಪ್‌ಸೆಟ್ಟು, ಹೋಟೆಲಿನಲ್ಲಿ ಸೆಟ್ ದೋಸೆ, ಅಜ್ಜನಿಗೆ ಹಲ್ಲುಸೆಟ್ಟು. ಸಂಬಂಧ ಕುದುರದಿದ್ದರೆ ‘ಸೆಟ್ಟಾಗಲಿಲ್ಲ’. ಇಲ್ಲಿ ‘ಕೂರಿಸು’ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದವೂ, ‘ಗುಂಪು’ ಎಂಬ ಅರ್ಥದಲ್ಲಿ ಫ್ರೆಂಚಿನ ಮೂಲಕ ಬಂದ ಲ್ಯಾಟಿನ್ ಪದವೂ ಒಂದಾಗಿವೆ. ನಂಜನಗೂಡನ್ನು ಬಳಸಿ ಬಂದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿದ ಮೇಲೆ, ಈ ನೀರು ಯಾವುದರದೆಂದು ಯಾರು ಬೇರ್ಪಡಿಸಿಯಾರು? 1989ರ ಆಕ್ಸ್‌ಫರ್ಡ್ ನಿಘಂಟು ‘ಸೆಟ್’ ಎಂಬ ಕ್ರಿಯಾಪದ ಒಂದಕ್ಕೇ ನಾನೂರಕ್ಕೂ ಹೆಚ್ಚು ಅರ್ಥಗಳನ್ನು ಎಣಿಸಿತು.

ಇದು ಕೇವಲ ವಿನೋದದ ವಿಷಯವಲ್ಲ. ‘ಪಾಸಿಟಿವ್’ ಎಂದರೆ ಒಳ್ಳೆಯದು ಎಂದು ಮಕ್ಕಳು ಕಲಿಯುತ್ತಾರೆ. ಒಳ್ಳೆಯ ಯೋಚನೆಗೆ ಆ ಮಾತೇ ಸಲ್ಲುತ್ತದೆ. ಆದರೆ ಕಫಪರೀಕ್ಷೆಯ ಚೀಟಿಯಲ್ಲಿ ‘ಪಾಸಿಟಿವ್’ ಎಂದಿದ್ದರೆ ಹುಡುಕಿದ ರೋಗಾಣು ಸಿಕ್ಕಿತೆಂದು ಅರ್ಥ. ರಕ್ತದ ಗುಂಪಿನ ಮುಂದೆ ಅದೇ ಮಾತು ಬಂದರೆ ಒಳಿತೂ ಇಲ್ಲ, ಕೆಡುಕೂ ಇಲ್ಲ. ರಕ್ತಕಣಗಳ ಮೇಲೆ ಒಂದು ವಸ್ತು ಇದೆಯೆಂದಷ್ಟೇ. ಚೀಟಿಯನ್ನು ನೋಡಿ ನೆಮ್ಮದಿಯಿಂದ ಊರಿಗೆ ಮರಳಿದ ಮನೆಯವರು ಚಿಕಿತ್ಸೆಯನ್ನೇ ಮರೆತರೆ, ಒಂದು ಪದದ ಅರ್ಥಕ್ಕೆ ಒಂದು ಜೀವ ಬೆಲೆ ತೆರಬೇಕಾದೀತು.

ಆದುದರಿಂದ ಮಕ್ಕಳಿಗೆ ಒಂದು ಪದಕ್ಕೆ ಒಂದೇ ಅರ್ಥವೆಂದು ಉರುಹೊಡೆಸುವುದಕ್ಕಿಂತ, ವಾಕ್ಯದೊಳಗೆ ಅದು ಮಾಡುವ ಕೆಲಸವನ್ನು ತೋರಿಸುವುದು ಲೇಸು. ಹಿರಿಯರೂ ಅಷ್ಟೆ, ವೈದ್ಯರ ಮುಂದೆಯಾಗಲಿ, ವಕೀಲರ ಮುಂದೆಯಾಗಲಿ ತಿಳಿಯದ ಮಾತು ಬಂದಾಗ ‘ಹಾಗೆಂದರೇನು, ಕನ್ನಡದಲ್ಲಿ ಹೇಳಿ’ ಎಂದು ಕೇಳಲು ಸಂಕೋಚಪಡಬೇಕಿಲ್ಲ. ಆ ಪ್ರಶ್ನೆಗೆ ಯಾವ ಚಾರ್ಜೂ ಇಲ್ಲ.