ನಿಮಗಿದು ಗೊತ್ತೇ? ಹಳೆ ಕಾರಿನ ಸೋರಿಕೆ ಮತ್ತು ಬಾಟಲಿಯ ಮದ್ದು

ಭೂಮಿಯ ಮೇಲೆ ಅಳೆದು ಖಚಿತಪಡಿಸಿದ ಅತಿ ಹೆಚ್ಚಿನ ತಾಪಮಾನಗಳಲ್ಲಿ ಕುವೈತಿನದೂ ಒಂದು. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್. ವಿಶ್ವ ಹವಾಮಾನ ಸಂಸ್ಥೆ ಪರಿಶೀಲಿಸಿ ಒಪ್ಪಿದ ಅಂಕಿ ಇದು. ಅದು ನೆರಳಿನ ಗಾಳಿಯ ಬಿಸಿ. ಬಿಸಿಲಲ್ಲಿ ನಿಂತು ಬಂದ ಕಾರಿನ ಬಾನೆಟ್ ಕೆಳಗಿನ ಕಥೆ ಬೇರೆ. ಬಿಸಿ 10 ಡಿಗ್ರಿ ಏರಿದರೆ ರಬ್ಬರು ಮುದಿಯಾಗುವ ವೇಗ ಹೆಚ್ಚುಕಡಿಮೆ ಇಮ್ಮಡಿ ಎಂಬುದು ಎಂಜಿನಿಯರುಗಳ ಒರಟು ಲೆಕ್ಕ. ಮಂಗಳೂರಿನ ಮಳೆಯಲ್ಲಿ ಬಹುಕಾಲ ಬಾಳುವ ಆಯಿಲ್ ಸೀಲ್ ಕುವೈತಿನ ಸಾಲ್ಮಿಯಾದ ಬಯಲು ಪಾರ್ಕಿಂಗಿನಲ್ಲಿ ಬೇಗ ಗಟ್ಟಿಯಾಗಿ ಬಿರಿದರೆ ಅಚ್ಚರಿಯಿಲ್ಲ.

ಸೋರುತ್ತಿರುವುದು ಏನು ಎಂದು ತಿಳಿಯಲು ಒಂದು ರಟ್ಟು ಸಾಕು. ರಾತ್ರಿ ಕಾರಿನ ಅಡಿಗೆ ಬಿಳಿ ರಟ್ಟು ಹಾಸಿ, ಬೆಳಿಗ್ಗೆ ಎಳೆದು ನೋಡಿ. ಹಸಿರು, ಗುಲಾಬಿ ಅಥವಾ ಕಿತ್ತಳೆ ಬಣ್ಣದ, ಸಿಹಿ ವಾಸನೆಯ ಅಂಟು ಅಂಟು ಕಲೆಯಾದರೆ ಕೂಲೆಂಟ್. ಕೆಂಪು ಎಣ್ಣೆಯಾದರೆ ಸಾಮಾನ್ಯವಾಗಿ ಗೇರ್‌ಬಾಕ್ಸ್ ಅಥವಾ ಪವರ್ ಸ್ಟಿಯರಿಂಗ್. ಕಂದು, ಕಪ್ಪು ಆದರೆ ಎಂಜಿನ್ ಆಯಿಲ್. ಬಣ್ಣ ವಾಸನೆ ಎರಡೂ ಇಲ್ಲದಿದ್ದರೆ ಅದು ಎಸಿಯ ನೀರು. ಕೌಸ್ ಗಾಳಿ ಕಡಲಿನ ತೇವ ಹೊತ್ತು ಬರುವ ದಿನಗಳಲ್ಲಿ ಅದು ಧಾರೆಯಾಗಿಯೇ ಸುರಿಯುತ್ತದೆ. ಅದನ್ನು ನೋಡಿ ಗಾಬರಿಯಾಗಿ ರೇಡಿಯೇಟರಿಗೆ ಸ್ಟಾಪ್ ಲೀಕ್, ಅಂದರೆ ಸೋರಿಕೆ ಮುಚ್ಚುವ ಬಾಟಲಿ ಮದ್ದು, ಸುರಿದವರು ನನ್ನ ಗೆಳೆಯರಲ್ಲೇ ಇದ್ದಾರೆ.

ಕೂಲೆಂಟಿನ ಆ ಸಿಹಿ, ವಿಷದ ಸಿಹಿ. ನೆಕ್ಕಿದ ಬೆಕ್ಕು ಬದುಕುವುದು ಕಷ್ಟ. ನಮ್ಮ ಕಟ್ಟಡಗಳ ಕೆಳಗೆ ಕಾರಿನ ನೆರಳಲ್ಲೇ ಬೆಕ್ಕುಗಳು ಮಲಗುತ್ತವೆ. ನೆಲಕ್ಕೆ ಚೆಲ್ಲಿದ್ದನ್ನು ದಯವಿಟ್ಟು ಒರೆಸಿ, ನೀರು ಹಾಕಿ ತೊಳೆಯಿರಿ.

ಸ್ಟಾಪ್ ಲೀಕ್ ಅಂದರೆ ವಿದೇಶಿ ವಿದ್ಯೆ ಎಂದುಕೊಂಡಿರಾ? ಘಟ್ಟ ಹತ್ತುವಾಗ ರೇಡಿಯೇಟರ್ ತೂತಾದರೆ ನಮ್ಮ ಲಾರಿ ಡ್ರೈವರುಗಳು ಮಾಡುತ್ತಿದ್ದುದು ಇದನ್ನೇ. ಅಡುಗೆ ಸಾಮಾನಿನ ಚೀಲದಿಂದ ಅರಿಶಿನ ಪುಡಿ ತೆಗೆದು ನೀರಿಗೆ ಕದಡಿ ಹೊಯ್ಯುತ್ತಿದ್ದರು. ಬಿಸಿ ನೀರಿನಲ್ಲಿ ಅರಿಶಿನದ ಹಿಟ್ಟು ಉಬ್ಬುತ್ತದೆ, ನಾರು ತೂತಿನ ಬಾಯಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ಲಾರಿ ಊರು ಮುಟ್ಟುತ್ತದೆ. ಅಮೆರಿಕದ ಹೆಸರಾಂತ ರೇಡಿಯೇಟರ್ ಮದ್ದುಗಳಲ್ಲಿ ಇದ್ದದ್ದು ಶುಂಠಿಯ ನಾರು. ಶುಂಠಿ, ಅರಿಶಿನ ಎರಡೂ ಒಂದೇ ಸಸ್ಯ ಕುಟುಂಬದವು! ಸಾಗರದಾಚೆಯ ಕಾರ್ಖಾನೆಯವರೂ ಘಟ್ಟದ ಡ್ರೈವರೂ ಕೈಹಾಕಿದ್ದು ಒಂದೇ ಮನೆತನದ ಗೆಡ್ಡೆಗೆ ಎಂಬುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ. ಆದರೆ ಆ ಕಾಲದ ರೇಡಿಯೇಟರುಗಳು ತಾಮ್ರ, ಹಿತ್ತಾಳೆಯವು, ಕೊಳವೆಗಳು ಅಗಲ. ಇಂದಿನ ಅಲ್ಯೂಮಿನಿಯಂ ಕೊಳವೆಗಳು ತೀರಾ ಸಪೂರ. ಅವಕ್ಕೆ ಅರಿಶಿನ ಬೇಡ.

ಅಣುಶಕ್ತಿ ಜಲಾಂತರ್ಗಾಮಿಯನ್ನೂ ಕಾರಿನ ಸ್ಟಾಪ್ ಲೀಕ್ ಕಾಪಾಡಿದೆ. 1958ರಲ್ಲಿ ಅಮೆರಿಕದ ನಾಟಿಲಸ್ ಉತ್ತರ ಧ್ರುವದ ಮಂಜಿನಡಿ ಹೋಗಲು ಸಜ್ಜಾಗುತ್ತಿದ್ದಾಗ ಅದರ ಕಂಡೆನ್ಸರ್‌ನಲ್ಲಿ ಸಮುದ್ರದ ನೀರು ಜಿನುಗತೊಡಗಿತು. ಎಲ್ಲಿಂದ ಎಂದು ಯಾರಿಗೂ ಸಿಗಲಿಲ್ಲ. ಪ್ರಯಾಣವೋ ಪರಮ ಗುಟ್ಟು. ಕ್ಯಾಪ್ಟನ್ ವಿಲಿಯಂ ಆಂಡರ್ಸನ್ ನಾವಿಕರಿಗೆ ಸಾದಾ ಬಟ್ಟೆ ತೊಡಿಸಿ ಸಿಯಾಟಲ್ ಪೇಟೆಗೆ ಕಳಿಸಿದರು. ಅವರು ಅಂಗಡಿ ಅಂಗಡಿ ಅಲೆದು ಕಾರಿನ ರೇಡಿಯೇಟರಿಗೆ ಹಾಕುವ ಸ್ಟಾಪ್ ಲೀಕ್ ಡಬ್ಬಿಗಳನ್ನು ಬಾಚಿ ತಂದರು. ಅದನ್ನು ಸುರಿದ ಮೇಲೆ ಸೋರಿಕೆ ನಿಂತಿತು. ಆಗಸ್ಟ್ 3ರಂದು ನಾಟಿಲಸ್ ಉತ್ತರ ಧ್ರುವವನ್ನು ನೀರಿನಡಿಯಿಂದಲೇ ದಾಟಿತು.

ಕೆಲವು ಕ್ಯಾಡಿಲಾಕ್ ಅಲ್ಯೂಮಿನಿಯಂ ಎಂಜಿನ್‌ಗಳಿಗೆ ಕಂಪನಿಯೇ ಕೂಲೆಂಟಿನ ಜೊತೆ ಸೀಲಿಂಗ್ ಗುಳಿಗೆ ಹಾಕಲು ಹೇಳಿತ್ತು. ಹಾಗಾಗಿ ಸ್ಟಾಪ್ ಲೀಕ್ ಅಂದರೆ ಬರೀ ಮೋಸ ಎಂಬ ಮಾತೂ ಪೂರ್ತಿ ಸರಿಯಲ್ಲ.

ಎಂಜಿನ್ ಆಯಿಲ್‌ಗೆ ಹಾಕುವ ಬಾಟಲಿಯ ಕೆಲಸವೇ ಬೇರೆ. ಅದರಲ್ಲಿ ತೂತು ಮುಚ್ಚುವ ಪುಡಿ ಇರುವುದು ಕಡಿಮೆ. ಇರುವುದು ಒಣಗಿ ಕುಗ್ಗಿದ ರಬ್ಬರ್ ಸೀಲನ್ನು ನೆನೆಸಿ, ಮೆತ್ತಗೆ ಮಾಡಿ, ತುಸು ಉಬ್ಬಿಸುವ ರಾಸಾಯನಿಕ. ಒಂದೇ ದಿನದಲ್ಲಿ ಫಲ ಕಾಣುವುದಿಲ್ಲ, ಕೆಲವು ದಿನ ಓಡಿಸಬೇಕು. ಹರಿದ ಸೀಲಿಗೆ, ಬಿರುಕು ಬಿಟ್ಟ ಆಯಿಲ್ ಸಂಪ್‌ಗೆ, ಕಾರ್ಕ್ ಗ್ಯಾಸ್ಕೆಟ್ಟಿಗೆ ಇದು ಏನೂ ಮಾಡದು. 2000ದಲ್ಲಿ ವಾಲ್ವೊಲಿನ್ ಹಳೆ ಎಂಜಿನ್‌ಗಳಿಗೆಂದೇ ತಂದ ಮ್ಯಾಕ್ಸ್‌ಲೈಫ್‌ನಲ್ಲೂ ಇಂಥ ಮದ್ದು ಮೊದಲೇ ಬೆರೆತಿರುತ್ತದೆ. ಬರೀ ಜಿನುಗಾಗಿದ್ದರೆ ನಾನು ಮೊದಲು ಅಂಥ ಆಯಿಲ್ ಹಾಕಿ ನೋಡುವವನು.

ಉಬ್ಬಿಸಿ ಮುಚ್ಚುವ ಉಪಾಯ ಕುವೈತಿಗೆ ಹೊಸದಲ್ಲ. ಇಲ್ಲಿ ದೋಣಿ ಕಟ್ಟುವ ಕುಶಲಿಗೆ ಗಲ್ಲಾಫ್ ಎಂದು ಹೆಸರು. ನಮ್ಮ ಪಶ್ಚಿಮ ಕರಾವಳಿಯಿಂದ ಬಂದ ತೇಗದ ಹಲಗೆಗಳನ್ನು ಜೋಡಿಸಿ, ಸಂದುಗಳಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯ ಬತ್ತಿ ಹೊಡೆದು ತುಂಬುತ್ತಿದ್ದರು. ದೋಣಿ ನೀರಿಗಿಳಿದ ಮೇಲೆ ಹಲಗೆಯೂ ಹತ್ತಿಯೂ ಉಬ್ಬಿ ಒಂದಕ್ಕೊಂದು ಬಿಗಿದುಕೊಳ್ಳುತ್ತಿದ್ದವು. ಕಡಲ ನೀರನ್ನು ಸಿಹಿ ಮಾಡುವ ಘಟಕಗಳು ಬರುವ ಮುನ್ನ ಕುವೈತಿಗೆ ಕುಡಿಯುವ ನೀರು ಶತ್ ಅಲ್ ಅರಬ್ ನದಿಯಿಂದ ಬರುತ್ತಿದ್ದದ್ದು ಇಂಥ ದೋಣಿಗಳಲ್ಲೇ.

ಒಂದೇ ಪದಾರ್ಥ ಮದ್ದೂ ಹೌದು, ವಿಷವೂ ಹೌದು. ಹೆಡ್ ಗ್ಯಾಸ್ಕೆಟ್ ಸರಿಮಾಡುತ್ತೇವೆ ಎನ್ನುವ ಹಲವು ಬಾಟಲಿಗಳಲ್ಲಿ ಸೋಡಿಯಂ ಸಿಲಿಕೇಟ್ ಇರುತ್ತದೆ. ಬಿಸಿ ತಾಗಿದಲ್ಲಿ ನೀರು ಆರಿ ಗಾಜಿನಂತೆ ಗಟ್ಟಿಯಾಗುವುದು ಅದರ ಗುಣ. 2009ರಲ್ಲಿ ಅಮೆರಿಕ ಸರಕಾರ ಹಳೆ ಕಾರು ಕೊಟ್ಟು ಹೊಸದು ಕೊಳ್ಳುವವರಿಗೆ ನೆರವು ಕೊಟ್ಟಾಗ 6.7 ಲಕ್ಷಕ್ಕೂ ಹೆಚ್ಚು ಕಾರುಗಳು ಬಂದವು. ಅವು ಮತ್ತೆ ರಸ್ತೆಗೆ ಬರಬಾರದು. ಅದಕ್ಕೆ ಎಂಜಿನ್ ಆಯಿಲ್ ಬಸಿದು, ಆ ಜಾಗಕ್ಕೆ ಇದೇ ಸೋಡಿಯಂ ಸಿಲಿಕೇಟ್ ದ್ರಾವಣ ಹೊಯ್ದು ಚಾಲೂ ಮಾಡುತ್ತಿದ್ದರು. ಕೆಲವೇ ನಿಮಿಷಗಳಲ್ಲಿ ಎಂಜಿನ್ ಹಿಡಿದುಕೊಂಡು ಸಾಯುತ್ತಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿ ನೀರಿನ ಮದ್ದು ಆಯಿಲ್‌ಗೆ ಸೇರುವ ಹಾಗಿದ್ದರೆ ಆ ಬಾಟಲಿಯ ಮುಚ್ಚಳ ತೆರೆಯಬೇಡಿ.

ಕುವೈತಿನ ಕಾರಿಗೂ ಹೀಟರ್ ಬೇಕು! ನನ್ನ ಹಳೆ ಸೆಡಾನಿಗೆ ಒಂದು ಜೂನ್‌ನಲ್ಲಿ, ರೇಡಿಯೇಟರ್ ಮದ್ದು ಒಂದು ಬಾಟಲಿ ಸಾಲದೆಂದು ಎರಡು ಹಾಕಿಸಿದೆ. ಸೋರಿಕೆ ನಿಂತಿತು, ನೆಮ್ಮದಿಯಾಯಿತು. ಡಿಸೆಂಬರ್ ಕೊನೆಗೆ ಮರುಭೂಮಿಯ ಡೇರೆಗೆ ಹೊರಟ ರಾತ್ರಿ, ಹಿಂದಿನ ಸೀಟಿನಲ್ಲಿ ಮಗಳು ಚಳಿಯೆಂದಾಗ ಹೀಟರ್ ತಿರುಗಿಸಿದರೆ ಬಂದದ್ದು ತಣ್ಣನೆ ಗಾಳಿ. ಹೀಟರ್ ಕೋರ್‌ನ ಸಣ್ಣ ಕೊಳವೆಗಳಲ್ಲಿ ಕಂದು ಬಣ್ಣದ ಕೆಸರು ಕೂತಿತ್ತು. ಆರು ತಿಂಗಳು ನನಗದು ಗೊತ್ತೇ ಆಗಿರಲಿಲ್ಲ. ಬಾಟಲಿಯ ಮೇಲೆ ಬರೆದ ಅಳತೆ ಮೀರಬಾರದು ಎಂದು ಕಲಿತದ್ದು ಅವತ್ತು.

ಎಸಿ ಗ್ಯಾಸ್ ಸೋರಿಕೆಗೂ ಬಾಟಲಿ ಸಿಗುತ್ತದೆ. ಅವುಗಳಲ್ಲಿ ಕೆಲವು ತೇವ ತಾಗಿದರೆ ಗಟ್ಟಿಯಾಗುವಂಥವು. ಒಳಗೇ ತೇವವಿದ್ದರೆ ಒಳಗೇ ಗಟ್ಟಿ. ಗ್ಯಾಸ್ ಎಳೆಯುವ ಯಂತ್ರವೂ ಕೆಡುತ್ತದೆಂದು ಎಷ್ಟೋ ಗ್ಯಾರೇಜಿನವರು ಅಂಥ ಕಾರನ್ನು ಮುಟ್ಟುವುದಿಲ್ಲ. ಎಸಿ ಇಲ್ಲದೆ ಒಂದು ಮಧ್ಯಾಹ್ನವೂ ಕಳೆಯಲಾಗದ ಊರಿನಲ್ಲಿ ಇದನ್ನು ನಾನಂತೂ ಹಾಕಲಾರೆ.

ಬ್ರೇಕಿಗೆ ಮಾತ್ರ ಯಾವ ಬಾಟಲಿಯ ಮದ್ದೂ ಬೇಡ. ಬ್ರೇಕಿನ ರಬ್ಬರು ಬೇರೆ ಜಾತಿಯದು, ಖನಿಜ ಎಣ್ಣೆ ಸೋಕಿದರೆ ಊದಿ ಕೆಡುತ್ತದೆ. ಎಂಜಿನ್‌ಗೋ ಸ್ಟಿಯರಿಂಗಿಗೋ ತಂದ ಮದ್ದಿನ ಒಂದು ಹನಿಯೂ ಬ್ರೇಕ್ ಡಬ್ಬಿಗೆ ಬೀಳಬಾರದು. ಸೀಲ್ ಉಬ್ಬಲೆಂದು ಗೇರ್‌ಬಾಕ್ಸಿಗೆ ಚಮಚ ಬ್ರೇಕ್ ಆಯಿಲ್ ಹಾಕುವ ಹಳೆ ಉಪಾಯವೂ ಬೇಡ, ಅಲ್ಲಿನ ರಬ್ಬರು ಅತಿಯಾಗಿ ಊದಿ ಕೊನೆಗೆ ಹಿಟ್ಟಾಗುತ್ತದೆ.

ಸೆಕೆಂಡಿಗೆ ಒಂದು ಹನಿ ಅಂದರೆ ದಿನಕ್ಕೆ ಎಷ್ಟು? 20 ಹನಿಗೆ 1 ಮಿಲಿಲೀಟರ್ ಎಂದುಕೊಂಡರೆ 4.3 ಲೀಟರ್. ಅದು ಬಾಟಲಿಗೆ ಬಗ್ಗುವ ಸೋರಿಕೆಯಲ್ಲ.

ಶುವೈಖ್‌ನ ಗ್ಯಾರೇಜ್ ಸಾಲಿನಲ್ಲಿ ಸೀಲ್ ಬದಲಿಸುವ ಖರ್ಚು ಕೇಳಿ ನೋಡಿ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಅಂಗೈಯಗಲದ ರಬ್ಬರ್ ಬಳೆ, ಬೆಲೆ ಅಲ್ಪ. ಅದನ್ನು ತಲುಪಲು ಮಾತ್ರ ಗೇರ್‌ಬಾಕ್ಸನ್ನೇ ಇಳಿಸಬೇಕು. ದುಡ್ಡು ಹೋಗುವುದು ಆ ಕೂಲಿಗೆ. ಇನ್ನೊಂದು ವರ್ಷಕ್ಕೆ ಊರು ಸೇರುವ ಮನುಷ್ಯ ಅಲ್ಲಿ ಬಾಟಲಿ ಆರಿಸಿದರೆ ನಾನು ತಪ್ಪೆನ್ನುವುದಿಲ್ಲ. ವಾಲ್ವ್ ಕವರಿನ ಗ್ಯಾಸ್ಕೆಟ್ ಹಾಗಲ್ಲ. ಬಹಳಷ್ಟು ಕಾರುಗಳಲ್ಲಿ ಅದು ಮೇಲೆಯೇ ಕೈಗೆ ಸಿಗುತ್ತದೆ, ಅದನ್ನು ಬದಲಿಸಿಯೇ ಬಿಡಿ.

ಹಾಕಿದ ಬಾಟಲಿಯ ಹೆಸರು, ತಾರೀಕು, ಕಿಲೋಮೀಟರ್ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿಡಿ. ಮುಂದೆ ರೇಡಿಯೇಟರ್ ಬಿಚ್ಚುವ ಮೆಕ್ಯಾನಿಕ್‌ಗೆ ಅದು ಬೇಕಾಗುತ್ತದೆ. ನಮ್ಮಲ್ಲಿ ಕಾರು ಕೈ ಬದಲಾಗುವುದು ಹೆಚ್ಚಾಗಿ ಊರಿಗೆ ಹೊರಟವರಿಂದ ಹೊಸದಾಗಿ ಬಂದ ಹುಡುಗರಿಗೆ. ಕಾರಿನ ನೋಂದಣಿ ದಾಖಲೆಯಾದ ದಫ್ತರ್ ಕೊಡುವಾಗ ಆ ಚೀಟಿಯನ್ನೂ ಕೊಟ್ಟು, "ತಮ್ಮಾ, ಇದಕ್ಕೆ ಮದ್ದು ಹಾಕಿದ್ದೇನೆ, ವಾರಕ್ಕೊಮ್ಮೆ ನೀರು ನೋಡಿಕೋ, ಬಿಸಿಯಿದ್ದಾಗ ಮುಚ್ಚಳ ತೆಗೆಯಬೇಡ" ಎಂದು ಹೇಳಿ ಕೀಲಿ ಕೊಡಿ.