ಗುಳಿಗೆ ನುಂಗಿದವರಷ್ಟೇ ತಪ್ಪಿತಸ್ಥರೇ?

ಒಂದೇ ಕೇರಿಯ ಆರು ಮನೆಗಳಲ್ಲಿ ಒಂದೇ ತಿಂಗಳೊಳಗೆ ಕಾಮಾಲೆ ಕಾಣಿಸಿಕೊಂಡಿತು ಎಂದುಕೊಳ್ಳಿ. ವೈದ್ಯನಾದವನು ಆರು ಮಂದಿಗೂ ಚಿಕಿತ್ಸೆ ಕೊಡುತ್ತಾನೆ, ಪಥ್ಯ ಹೇಳುತ್ತಾನೆ. ಅಷ್ಟಕ್ಕೇ ಸುಮ್ಮನಾದರೆ ಅವನ ಕೆಲಸ ಅರ್ಧವೇ ಆದಂತೆ. ಆ ಕೇರಿಯವರೆಲ್ಲ ಯಾವ ಬಾವಿಯ ನೀರು ಕುಡಿಯುತ್ತಿದ್ದಾರೆ, ಯಾವ ಸಮಾರಂಭದಲ್ಲಿ ಒಟ್ಟಿಗೆ ಊಟ ಮಾಡಿದ್ದರು ಎಂದು ವಿಚಾರಿಸಬೇಕು. ಅದನ್ನು ಬಿಟ್ಟು "ಕೈ ತೊಳೆಯದೆ ಉಂಡದ್ದು ನಿಮ್ಮದೇ ತಪ್ಪು" ಎಂದು ರೋಗಿಗಳನ್ನು ಗದರಿ ಕಳಿಸಿದರೆ ಏಳನೆಯ ಮನೆಗೂ ಕಾಮಾಲೆ ಬರುತ್ತದೆ.

ಕ್ರೀಡಾಪಟುಗಳ ಉದ್ದೀಪನ ಮದ್ದು ಸೇವನೆಯನ್ನೂ ಹೀಗೆಯೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ನಮ್ಮ ಕುಂದಾಪುರ ತಾಲೂಕಿನ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಅವರ ಪ್ರಕರಣವನ್ನೇ ತೆಗೆದುಕೊಳ್ಳಿ.

2010ನೇ ಇಸವಿ ನಮ್ಮೂರಿನವರಿಗೆ ಮರೆಯುವಂಥದ್ದಲ್ಲ. ಆ ಅಕ್ಟೋಬರ್‌ನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ 4x400 ಮೀಟರ್ ರಿಲೇಯಲ್ಲಿ ಭಾರತದ ವನಿತೆಯರು ಚಿನ್ನ ಗೆದ್ದರು. ತಂಡದಲ್ಲಿ ಅಶ್ವಿನಿ ಇದ್ದರು. ಮುಂದಿನ ತಿಂಗಳು ಚೀನಾದ ಗುವಾಂಗ್‌ಜೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲಿ ಒಂದು ಚಿನ್ನ, ರಿಲೇಯಲ್ಲಿ ಇನ್ನೊಂದು ಚಿನ್ನ. ಗದ್ದೆ ತೋಟಗಳ ನಡುವಿನಿಂದ ಹೋದ ಹುಡುಗಿಯೊಬ್ಬಳು ಏಷ್ಯಾಕ್ಕೇ ಮೊದಲಿಗಳಾಗಿದ್ದಳು.

ಎಂಟು ತಿಂಗಳೂ ಕಳೆದಿರಲಿಲ್ಲ. 2011ರ ಜೂನ್-ಜುಲೈ ಹೊತ್ತಿಗೆ ರಾಷ್ಟ್ರೀಯ ಶಿಬಿರದ ಓಟಗಾರ್ತಿಯರು ಒಬ್ಬರ ಹಿಂದೆ ಒಬ್ಬರಂತೆ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಮನ್‌ದೀಪ್ ಕೌರ್, ಸಿನಿ ಜೋಸ್, ಜೌನಾ ಮುರ್ಮು, ಟಿಯಾನಾ ಮೇರಿ ಥಾಮಸ್, ಪ್ರಿಯಾಂಕಾ ಪನ್ವಾರ್ ಮತ್ತು ಅಶ್ವಿನಿ. ಆರು ಮಂದಿ. ಒಂದೇ ಸ್ಪರ್ಧೆ, ಒಂದೇ ತರಬೇತಿ. ಮೂತ್ರದಲ್ಲಿ ಕಂಡದ್ದು ಅನಬಾಲಿಕ್ ಸ್ಟೀರಾಯ್ಡ್.

ಓದುಗರೇ, ಇದು ಆರು ಜನರ ಬೇರೆಬೇರೆ ದುರ್ಬುದ್ಧಿಯೋ, ಬಾವಿಯ ನೀರಿನ ದೋಷವೋ? ನೀವೇ ಯೋಚಿಸಿ.

ನಮಗೆ ಗೊತ್ತಿರಲಿಲ್ಲ, ಕೋಚ್ ಚೀನಾದಲ್ಲಿ ಕೊಂಡು ತಂದುಕೊಟ್ಟ ಜಿನ್ಸೆಂಗ್ ಗುಳಿಗೆಗಳಲ್ಲೇ ಅದು ಸೇರಿತ್ತು ಎಂಬುದು ಓಟಗಾರ್ತಿಯರ ವಾದ. ಜಿನ್ಸೆಂಗ್ ಎಂದರೆ ನಮ್ಮ ಅಶ್ವಗಂಧದ ಹಾಗೆ ಶಕ್ತಿಗೆಂದು ತಿನ್ನುವ ಒಂದು ಬೇರು. ಆಗಿನ ಕ್ರೀಡಾ ಸಚಿವ ಅಜಯ್ ಮಾಕನ್ ಅವರು ಉಕ್ರೇನ್ ದೇಶದ ಕೋಚ್ ಯೂರಿ ಒಗೊರೊದ್ನಿಕ್ ಅವರನ್ನು ಕೆಲಸದಿಂದ ತೆಗೆದರು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ಏಕಸದಸ್ಯ ಸಮಿತಿಯೂ ನೇಮಕವಾಯಿತು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕ, ಅಂದರೆ ನಾಡಾದ ಶಿಸ್ತು ಮಂಡಳಿಯು ಓಟಗಾರ್ತಿಯರ ವಾದವನ್ನು ಸ್ವಲ್ಪಮಟ್ಟಿಗೆ ಒಪ್ಪಿ ಡಿಸೆಂಬರ್‌ನಲ್ಲಿ ಒಂದು ವರ್ಷದ ನಿಷೇಧ ಹಾಕಿತು. ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಗೆ ಇದು ಸಾಲಲಿಲ್ಲ. ಅದು ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. 2012ರ ಜುಲೈಯಲ್ಲಿ ಶಿಕ್ಷೆ ಎರಡು ವರ್ಷಕ್ಕೇರಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. 2010ರ ಪದಕಗಳು ಮಾತ್ರ ಅವರಲ್ಲೇ ಉಳಿದವು, ಏಕೆಂದರೆ ದೋಷ ಕಂಡದ್ದು ಆ ಮೇಲಿನ ಪರೀಕ್ಷೆಯಲ್ಲಿ.

ಕೋಚ್ ಏನಾದರು? ಕೆಲವೇ ವರ್ಷಗಳಲ್ಲಿ ಅವರು ಭಾರತದ ಶಿಬಿರಕ್ಕೆ ಮತ್ತೆ ಬಂದರು. ಅವರು ಬೇಕೆಂದೇ ಕೊಟ್ಟರು ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಮಾತ್ರ ನೋಡಿ ಎನ್ನುತ್ತೇನೆ. ಓಟಗಾರ್ತಿಗೆ ಹೋದ ಒಲಿಂಪಿಕ್ಸ್ ಹೋಯಿತು. ಕೋಚಿಗೆ ಕೆಲಸ ಮರಳಿ ಸಿಕ್ಕಿತು.

ನಿಯಮ ಏನು ಹೇಳುತ್ತದೆ?

ನಿಮ್ಮ ದೇಹದೊಳಗೆ ಏನಿದೆಯೋ ಅದಕ್ಕೆ ನೀವೇ ಹೊಣೆ. ಯಾರು ಕೊಟ್ಟರು, ಗೊತ್ತಿತ್ತೋ ಇಲ್ಲವೋ ಎಂಬುದೆಲ್ಲ ಶಿಕ್ಷೆಯ ಪ್ರಮಾಣಕ್ಕೆ ಸಂಬಂಧಿಸಿದ್ದು. ದೋಷ ಅಂತೂ ದೋಷವೇ. ಜಗತ್ತಿನಾದ್ಯಂತ ಇದೇ ನಿಯಮ. ಕ್ರೂರವೆನಿಸಿದರೂ ಇದು ಬೇಕೇ ಬೇಕು ಎನ್ನುವವನು ನಾನು. ಇಲ್ಲವಾದರೆ ಸಿಕ್ಕಿಬಿದ್ದವರೆಲ್ಲ "ಯಾರೋ ಹಾಲಿನಲ್ಲಿ ಬೆರೆಸಿದರು" ಎಂದುಬಿಡುತ್ತಾರೆ. ಶುದ್ಧವಾಗಿ ಓಡಿ ನಾಲ್ಕನೆಯವಳಾದ ಹುಡುಗಿಗೆ ನ್ಯಾಯ ಎಲ್ಲಿಂದ ಬರಬೇಕು?

ಆದರೆ ಶಿಕ್ಷಿಸಲು ಸುಲಭವಾಗಿ ಕೈಗೆ ಸಿಗುವವನು ಒಬ್ಬ, ತಪ್ಪಿನ ಮೂಲ ಇನ್ನೊಂದು ಎಂಬುದನ್ನು ಮರೆಯಬಾರದು. ಇದನ್ನು ಜಗತ್ತು ಕಲಿತದ್ದು ಸೈಕಲ್ ಪಂದ್ಯಗಳಿಂದ.

1998ರ ಜುಲೈ 8ರಂದು ಫ್ರಾನ್ಸ್-ಬೆಲ್ಜಿಯಂ ಗಡಿಯಲ್ಲಿ ಸುಂಕದ ಅಧಿಕಾರಿಗಳು ಒಂದು ಕಾರನ್ನು ತಡೆದರು. ಅದು ಫೆಸ್ಟಿನಾ ಎಂಬ ವೃತ್ತಿಪರ ಸೈಕಲ್ ತಂಡದ ಕಾರು. ಓಡಿಸುತ್ತಿದ್ದವನು ಸವಾರರ ಮೈ ತಿಕ್ಕುವ, ಆರೈಕೆ ಮಾಡುವ ಸಹಾಯಕ ವಿಲಿ ವೂಟ್. ಒಳಗೆ ರಾಶಿ ರಾಶಿ ಉದ್ದೀಪನ ಮದ್ದು. ಮುಖ್ಯವಾಗಿ ಎರಿತ್ರೊಪೊಯೆಟಿನ್, ಚುಟುಕಾಗಿ ಇಪಿಒ. ಡಯಾಲಿಸಿಸ್ ಮಾಡಿಸಿಕೊಳ್ಳುವ ರೋಗಿ ನಿಮ್ಮ ಮನೆಯಲ್ಲಿದ್ದರೆ ಈ ಚುಚ್ಚುಮದ್ದಿನ ಹೆಸರು ಕೇಳಿರುತ್ತೀರಿ. ಕೆಟ್ಟುಹೋದ ಮೂತ್ರಪಿಂಡ ಇದನ್ನು ತಯಾರಿಸುವುದಿಲ್ಲ, ರಕ್ತ ಕಡಿಮೆಯಾಗುತ್ತದೆ, ಆದ್ದರಿಂದ ಹೊರಗಿನಿಂದ ಕೊಡುತ್ತೇವೆ. ರಕ್ತ ಸರಿಯಾಗಿಯೇ ಇರುವ ಸವಾರ ಇದನ್ನು ಚುಚ್ಚಿಕೊಂಡರೆ ಕೆಂಪು ಕಣಗಳು ಮಿತಿಮೀರಿ ಹೆಚ್ಚುತ್ತವೆ. ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಸಿಗುವುದೇನೋ ನಿಜ, ಆದರೆ ರಕ್ತ ದಪ್ಪವಾಗುತ್ತದೆ, ಹೃದಯದಲ್ಲೋ ಮೆದುಳಿನಲ್ಲೋ ಹೆಪ್ಪುಗಟ್ಟುವ ಅಪಾಯ. ಆಗ ಇದನ್ನು ಮೂತ್ರದಲ್ಲಿ ಕಂಡುಹಿಡಿಯುವ ಪರೀಕ್ಷೆಯೇ ಇರಲಿಲ್ಲ. ಸೈಕಲ್ ಸಂಸ್ಥೆಯವರು 1997ರಲ್ಲಿ ಮಾಡಿದ್ದೇನೆಂದರೆ, ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇ. 50 ಮೀರಿದವರು ಸ್ವಲ್ಪ ದಿನ ಪಂದ್ಯದಿಂದ ಹೊರಗಿರಬೇಕು ಎಂದರು. ಪರಿಣಾಮ ಊಹಿಸಿ: ಶೇ. 50ರ ಗೆರೆ ದಾಟದ ಹಾಗೆ ಅಳೆದು ಚುಚ್ಚುವುದೇ ಒಂದು ವಿದ್ಯೆಯಾಯಿತು.

ಅಳೆದು ಕೊಡುತ್ತಿದ್ದವರು ಯಾರು? ಹೇಳಲು ನಾಚಿಕೆ. ನಮ್ಮ ವೃತ್ತಿಯವರೇ. ಮುಂದೆ 2012ರಲ್ಲಿ ಲಾನ್ಸ್ ಆರ್ಮ್‌ಸ್ಟ್ರಾಂಗ್‌ನ ಏಳು ಟೂರ್ ಡಿ ಫ್ರಾನ್ಸ್ ಪಟ್ಟಗಳನ್ನು ಕಿತ್ತುಕೊಂಡಾಗ ಆಜೀವ ನಿಷೇಧಕ್ಕೆ ಒಳಗಾದವರಲ್ಲಿ ಮಿಕೆಲೆ ಫೆರಾರಿ ಎಂಬ ಇಟಲಿಯ ವೈದ್ಯನೂ ಇದ್ದ. ಆ ತಂಡದ ವ್ಯವಸ್ಥಾಪಕ ಯೋಹಾನ್ ಬ್ರೂಯ್ನೀಲ್‌ಗೂ ನಿಷೇಧ ತಪ್ಪಲಿಲ್ಲ. ಆರ್ಮ್‌ಸ್ಟ್ರಾಂಗ್ ವಿರುದ್ಧ ಸಾಕ್ಷಿ ಹೇಳಿದವರಲ್ಲಿ ಹನ್ನೊಂದು ಮಂದಿ ಅವನ ಹಳೆಯ ಜೊತೆಗಾರರೇ. ಅವರಲ್ಲಿ ಬಹುತೇಕರು ತಾವೂ ಚುಚ್ಚಿಕೊಂಡವರು.

ಎಲ್ಲರೂ ಮಾಡುತ್ತಿದ್ದರು, ಹಾಗಾಗಿ ತಪ್ಪೇ ಇಲ್ಲ ಎನ್ನಬಹುದೇ? ಇಲ್ಲ. ಅದೇ ಫೆಸ್ಟಿನಾ ತಂಡದಲ್ಲಿ ಕ್ರಿಸ್ತೋಫ್ ಬಾಸ್ಸೋನ್ ಎಂಬ ಸವಾರ ಮದ್ದು ಮುಟ್ಟಲಿಲ್ಲ. ಬೇಡ ಎನ್ನಲು ಸಾಧ್ಯ ಎಂಬುದಕ್ಕೆ ಅವನೇ ಸಾಕ್ಷಿ. ಆದರೆ ಅವನ ಗತಿ ಏನಾಯಿತು ಕೇಳಿ. 1999ರ ಟೂರ್‌ನಲ್ಲಿ ಈ ವಿಷಯ ಬಾಯಿಬಿಟ್ಟು ಮಾತಾಡಿದ್ದಕ್ಕೆ ಜೊತೆ ಸವಾರರು ಅವನನ್ನು ಬಹಿಷ್ಕರಿಸಿದರು. ಆರ್ಮ್‌ಸ್ಟ್ರಾಂಗ್ ಓಟದ ನಡುವೆಯೇ ಬಂದು ಮನೆಗೆ ಹೋಗು ಎಂದ. ಹುಡುಗ ಅರ್ಧದಲ್ಲೇ ಪಂದ್ಯ ಬಿಟ್ಟು ಹೊರಟ. ಪ್ರಾಮಾಣಿಕನಾಗಿರಲು ಒಬ್ಬ ಮನುಷ್ಯ ಇಷ್ಟು ಬೆಲೆ ತೆರಬೇಕಾದ ಕಡೆ ದೋಷ ಮನುಷ್ಯನಲ್ಲಿ ಎಷ್ಟಿದೆಯೋ ಆ ಜಾಗದಲ್ಲೂ ಅಷ್ಟೇ ಇದೆ.

ಇದಕ್ಕಿಂತ ಘೋರವಾದದ್ದು ಹಿಂದಿನ ಪೂರ್ವ ಜರ್ಮನಿಯ ಕಥೆ. 1970 ಮತ್ತು 80ರ ದಶಕಗಳಲ್ಲಿ ಅಲ್ಲಿ ಸರಕಾರವೇ ಯೋಜನೆ ಹಾಕಿ ಹದಿಹರೆಯದ ಈಜುಗಾರ್ತಿಯರಿಗೂ ಓಟಗಾರ್ತಿಯರಿಗೂ ಸ್ಟೀರಾಯ್ಡ್ ನುಂಗಿಸುತ್ತಿತ್ತು. ಎಷ್ಟೋ ಮಕ್ಕಳಿಗೆ ಅದನ್ನು ವಿಟಮಿನ್ ಎಂದು ಹೇಳಿಕೊಟ್ಟಿದ್ದರು. ದೊಡ್ಡವರಾದ ಮೇಲೆ ಅನೇಕರಿಗೆ ಗಡಸು ದನಿ, ಯಕೃತ್ತಿನ ಕಾಯಿಲೆ, ಗರ್ಭದ ತೊಂದರೆ. ಅಲ್ಲಿಯ ಕ್ರೀಡಾ ಮುಖ್ಯಸ್ಥ ಮನ್‌ಫ್ರೆಡ್ ಎವಾಲ್ಡ್ ಮತ್ತು ವೈದ್ಯ ಮನ್‌ಫ್ರೆಡ್ ಹ್ಯೋಪ್ನರ್ ಇಬ್ಬರನ್ನೂ 2000ದಲ್ಲಿ ಬರ್ಲಿನ್ ನ್ಯಾಯಾಲಯ ಅಪರಾಧಿಗಳೆಂದು ಸಾರಿತು. ಬಾವಿಯನ್ನೇ ಹುಡುಕಿದ ಅಪರೂಪದ ತೀರ್ಪು ಅದು.

ನಮ್ಮೂರಿನ ಮಾತು

ಇದೆಲ್ಲ ದೊಡ್ಡ ದೊಡ್ಡ ಆಟಗಾರರ ವಿಷಯ, ನಮಗೇಕೆ ಎನ್ನಬೇಡಿ. ನಮ್ಮ ಹಳ್ಳಿಯ ಮಕ್ಕಳಿಗೆ ಆಟವೆಂದರೆ ಬರೀ ಆಟವಲ್ಲ. ಸೇನೆ, ಪೊಲೀಸ್, ರೈಲ್ವೆ ಕೆಲಸಕ್ಕೆ ಅದೊಂದು ದಾರಿ. ವಂಡ್ಸೆ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕೂಟದಲ್ಲಿ ಭಾರ ಎತ್ತಿ ಬೆಳ್ಳಿ, 2022ರಲ್ಲಿ ಕಂಚು ತಂದ ಮೇಲೆ ಎಷ್ಟು ಹುಡುಗರ ಕಣ್ಣಲ್ಲಿ ಆಸೆ ಹುಟ್ಟಿಲ್ಲ! ಇನ್ನೊಂದೆಡೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಪೇಟೆಗಳಲ್ಲಿ ಜಿಮ್‌ಗಳು ಹೆಚ್ಚಿವೆ. ವ್ಯಾಯಾಮ ಒಳ್ಳೆಯದೇ. ನನಗೆ ಭಯವಿರುವುದು ಅಲ್ಲಿ ಕೈಯಿಂದ ಕೈಗೆ ಸಾಗುವ ಡಬ್ಬಿಗಳ ಬಗ್ಗೆ.

"ಡಾಕ್ಟ್ರೇ, ಈ ಪೌಡರ್ ಕುಡುಕೆ ಅಡ್ಡಿಲ್ಯಾ?" ಎಂದು ಕೇಳುವ ತಾಯಂದಿರು ವಾರಕ್ಕೊಬ್ಬರಾದರೂ ಬರುತ್ತಾರೆ. ಕೇಳಿದ್ದಕ್ಕೆ ಸಂತೋಷ. ಕೇಳದೇ ಇರುವವರು ಬರುವುದು ತಡವಾಗಿ. ಎದೆ ಹೆಣ್ಣುಮಕ್ಕಳಂತೆ ಉಬ್ಬಿದೆ ಎಂದು ಅಂಗಿ ಬಿಚ್ಚಲು ನಾಚುವ ಹುಡುಗ. ಬೆನ್ನ ತುಂಬ ಮೊಡವೆ. ಇಪ್ಪತ್ತೆರಡನೇ ವಯಸ್ಸಿಗೇ ರಕ್ತದೊತ್ತಡ. ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಿಲ್ಲ ಎಂದು ಹೆಂಡತಿಯನ್ನು ಮಾತ್ರ ಪರೀಕ್ಷೆಗೆ ಕರೆತರುವ ಗಂಡ. ಅವನ ವೀರ್ಯ ಪರೀಕ್ಷೆಯಲ್ಲಿ ಒಂದು ಕಣವೂ ಇಲ್ಲ.

ಅನಬಾಲಿಕ್ ಸ್ಟೀರಾಯ್ಡ್ ಎಂದರೆ ಪುರುಷ ಹಾರ್ಮೋನಿನ ಕೃತಕ ರೂಪ. ಉಬ್ಬಸಕ್ಕೂ ಚರ್ಮದ ಕಾಯಿಲೆಗೂ ವೈದ್ಯರು ಕೊಡುವ ಸ್ಟೀರಾಯ್ಡ್ ಬೇರೆ, ಅದಕ್ಕೆ ಹೆದರಿ ಔಷಧ ನಿಲ್ಲಿಸಬೇಡಿ. ಈ ಪುರುಷ ಹಾರ್ಮೋನು ಹೊರಗಿನಿಂದ ಬಂದಾಗ ದೇಹ ತನ್ನದನ್ನು ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ. ವೃಷಣಗಳು ಕುಗ್ಗುತ್ತವೆ. ಒಳ್ಳೆಯ ಕೊಲೆಸ್ಟರಾಲ್ ಕುಸಿಯುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಗುಳಿಗೆಯ ರೂಪದಲ್ಲಿದ್ದರೆ ಯಕೃತ್ತಿಗೆ ಹೊಡೆತ. ಹುಡುಗಿಯರಲ್ಲಿ ಮುಟ್ಟು ಏರುಪೇರಾಗಿ ಮುಖದಲ್ಲಿ ಕೂದಲು ಬರುತ್ತದೆ; ಒಮ್ಮೆ ಗಡಸಾದ ದನಿ ಮತ್ತೆ ಮೊದಲಿನಂತಾಗದೇ ಇರಬಹುದು. ಇನ್ನೂ ಬೆಳೆಯುತ್ತಿರುವ ಹುಡುಗ ತಿಂದರೆ ಎಲುಬಿನ ತುದಿಗಳು ಬೇಗ ಕೂಡಿಕೊಂಡು ಎತ್ತರ ಅಲ್ಲಿಗೇ ನಿಂತುಹೋಗುತ್ತದೆ.

ಬರೀ ಪ್ರೋಟೀನ್ ಪುಡಿ ಉದ್ದೀಪನ ಮದ್ದಲ್ಲ. ತೊಂದರೆ ಏನೆಂದರೆ, ಡಬ್ಬಿಯ ಮೇಲೆ ಬರೆಯದ ವಸ್ತುಗಳೂ ಇಂಥ ಪುಡಿ, ಗುಳಿಗೆಗಳಲ್ಲಿ ಬೆರೆತಿರಬಹುದು. ಹಾಗೆಂದು ಅದಿಲ್ಲದೆ ಮೈ ಕಟ್ಟಲಾಗದು ಎಂಬುದೂ ಸುಳ್ಳು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ನೂರು ಗ್ರಾಂ ಬಂಗ್ಡೆ ಮೀನಿನಲ್ಲಿ ಇಪ್ಪತ್ತು ಗ್ರಾಂನಷ್ಟು ಪ್ರೋಟೀನ್ ಇದೆ. ಬೈಗೆ, ಹೆಸರುಕಾಳು, ಕಡಲೆ, ಮೊಸರು ಯಾವುದಕ್ಕೆ ಕಡಿಮೆ? ಅರುವತ್ತು ಕಿಲೋ ತೂಗುವ ಆಟಗಾರನಿಗೆ ದಿನಕ್ಕೆ ಎಂಬತ್ತರಿಂದ ನೂರು ಗ್ರಾಂ ಸಾಕು. ಕಡಲ ತೀರದ ಅಡುಗೆಮನೆಗೆ ಇದು ಕಷ್ಟವಲ್ಲ.

ಕೊಟ್ಟವರು ಯಾರು?

ಜಾಗತಿಕ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ಲೆಕ್ಕದಂತೆ 2023ರಲ್ಲಿ ಭಾರತದ 5,606 ಮಾದರಿಗಳಲ್ಲಿ ಶೇ. 3.8ರಷ್ಟು ದೋಷಪೂರಿತ. ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ನಡೆಸುವ ದೇಶಗಳ ಪೈಕಿ ನಮ್ಮದೇ ಮೇಲು, ಹೆಮ್ಮೆಪಡಲಾಗದ ಮೇಲು. 2022ರಲ್ಲಿ ಸಂಸತ್ತು ಇದಕ್ಕೆಂದೇ ಒಂದು ಕಾನೂನು ಮಾಡಿದೆ. ಮದ್ದು ಮಾರುವುದು, ಇನ್ನೊಬ್ಬರಿಗೆ ಕೊಡುವುದು, ಮುಚ್ಚಿಹಾಕಲು ನೆರವಾಗುವುದು ಕೂಡ ವಾಡಾ ನಿಯಮದಲ್ಲಿ ತಪ್ಪೇ. ಕೋಚ್, ವೈದ್ಯ, ಮ್ಯಾನೇಜರ್ ಯಾರೂ ಹೊರತಲ್ಲ. ಆದರೆ ಪತ್ರಿಕೆಯಲ್ಲಿ ಫೋಟೋ ಸಹಿತ ಬರುವುದು ಹೆಚ್ಚಾಗಿ ಆಟಗಾರರ ಹೆಸರು ಮಾತ್ರ. ಮೂತ್ರದ ಸೀಸೆ ಗುಳಿಗೆ ಯಾವುದೆಂದು ಹೇಳುತ್ತದೆ, ಕೊಟ್ಟ ಕೈ ಯಾರದೆಂದು ಹೇಳುವುದಿಲ್ಲ.

ಅದನ್ನು ಮೊದಲು ವಿಚಾರಿಸಬಲ್ಲವರು ಮನೆಯವರು. ಮಗ ಅಥವಾ ಮಗಳು ಕ್ರೀಡಾ ವಸತಿ ನಿಲಯದಲ್ಲಿದ್ದರೆ, ಶಿಬಿರಕ್ಕೆ ಹೋಗುತ್ತಿದ್ದರೆ, ಅಲ್ಲಿ ಗುಳಿಗೆ ಪುಡಿ ಕೊಡುವವರು ಯಾರು, ಅದನ್ನು ಬರೆದಿಡುತ್ತಾರೆಯೇ, ಬಿಲ್ ಇದೆಯೇ ಎಂದು ಕೋಚನ್ನೇ ಕೇಳಿ. ಒಳ್ಳೆಯ ಕೋಚಿಗೆ ಇದರಿಂದ ಸಿಟ್ಟು ಬರುವುದಿಲ್ಲ. ಒಬ್ಬೊಬ್ಬರೇ ಕೇಳಲು ಸಂಕೋಚವಾದರೆ ನಾಲ್ಕು ಮನೆಯವರು ಒಟ್ಟಿಗೆ ಹೋಗಿ. ನೆಗಡಿ, ಉಬ್ಬಸ, ಮೈಕೈ ನೋವಿಗೆ ವೈದ್ಯರ ಬಳಿ ಹೋದಾಗ "ನಾನು ರಾಜ್ಯ ಮಟ್ಟದ ಆಟಗಾರ" ಎಂದು ಮೊದಲೇ ಹೇಳಬೇಕು. ನೆಗಡಿಯ ಕೆಲವು ಗುಳಿಗೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಕೂಡ ಸ್ಪರ್ಧೆಯ ವೇಳೆ ಮಿತಿ ಮೀರಿದರೆ ನಿಷಿದ್ಧ. ಕಾಯಿಲೆಗೆ ನಿಷಿದ್ಧ ಔಷಧವೇ ಬೇಕಾದರೆ ನಾಡಾದಿಂದ ವಿನಾಯಿತಿ ಪಡೆಯುವ ಕ್ರಮವಿದೆ. ಔಷಧದ ಹೆಸರು ಹಾಕಿ ನೋಡಲು ನಾಡಾದ ಮೊಬೈಲ್ ಆ್ಯಪ್ ಕೂಡ ಇದೆ.

ಈಗಾಗಲೇ ತೆಗೆದುಕೊಳ್ಳುತ್ತಿರುವುದು ಗೊತ್ತಾದರೆ? ಹೊಡೆದು ಬಡಿದು ಮಾಡಬೇಡಿ. ಬೈದರೆ ಅವನು ಬಚ್ಚಿಡುತ್ತಾನೆ, ಕೊಟ್ಟವನು ಇನ್ನೊಬ್ಬನಿಗೆ ಕೊಡುತ್ತಾನೆ. ತಿಂಗಳುಗಟ್ಟಲೆ ತೆಗೆದುಕೊಂಡು ನಿಲ್ಲಿಸಿದವರಿಗೆ ಸ್ವಂತ ಹಾರ್ಮೋನು ಮರಳಲು ಕೆಲವು ತಿಂಗಳು ಬೇಕು. ಆ ಅವಧಿಯಲ್ಲಿ ಮಂಕು, ನಿರುತ್ಸಾಹ, ಕೆಲವೊಮ್ಮೆ ಬದುಕೇ ಬೇಡವೆನಿಸುವಷ್ಟು ಖಿನ್ನತೆ ಬರಬಹುದು. ಒಬ್ಬನನ್ನೇ ಬಿಡಬೇಡಿ, ವೈದ್ಯರ ಬಳಿ ಕರೆತನ್ನಿ. ಸೂಜಿ ಹಂಚಿಕೊಂಡಿದ್ದರೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆ ಅಗತ್ಯ. ಯಕೃತ್ತು, ಕೊಲೆಸ್ಟರಾಲ್ ಪರೀಕ್ಷೆಯನ್ನೂ ಮಾಡಿಸಬೇಕು. ಬರುವಾಗ ಡಬ್ಬಿ, ಸೀಸೆ, ಉಳಿದ ಗುಳಿಗೆ ಏನಿದ್ದರೂ ಎಸೆಯದೆ ತನ್ನಿ. ಹೆಸರಿನ ಚೀಟಿ ಹರಿದಿದ್ದರೂ ಚಿಂತೆಯಿಲ್ಲ.