ವಿಡಂಬನೆಯ ಮೊನೆ

ಹಾಸ್ಯ ನಗಿಸಿ ಸುಮ್ಮನಾಗುತ್ತದೆ. ವಿಡಂಬನೆ ನಗಿಸಿದ ಮೇಲೆ ಚುಚ್ಚುತ್ತದೆ. ಆ ಮೊನೆ ಯಾರಿಗೆ ತಗಲುತ್ತದೆಂಬುದರಲ್ಲಿಯೇ ಕವಿಯ ಯೋಗ್ಯತೆ ಗೊತ್ತಾಗುತ್ತದೆ. ಹೆಚ್ಚುಕಡಿಮೆ ಒಂದೇ ಯುಗದ, ಆದರೆ ಒಬ್ಬರನ್ನೊಬ್ಬರು ಅರಿಯದ ಇಬ್ಬರು ಕವಿಗಳಲ್ಲಿ ಇದನ್ನು ನೋಡೋಣ.

ಸೆಬಾಸ್ಟಿಯನ್ ಬ್ರಾಂಟ್ ಬಾಸೆಲ್ ನಗರದಲ್ಲಿ ನ್ಯಾಯಶಾಸ್ತ್ರ ಕಲಿಸುತ್ತಿದ್ದ ಪಂಡಿತ. ಲ್ಯಾಟಿನ್ ಬಲ್ಲವನಾದರೂ, ಜನರಾಡುವ ಜರ್ಮನ್ ನುಡಿಯಲ್ಲಿಯೇ 'ಮೂರ್ಖರ ನೌಕೆ' ಎಂಬ ಕಾವ್ಯವನ್ನು ಬರೆದು 1494ರಲ್ಲಿ ಅಚ್ಚು ಹಾಕಿಸಿದನು. ಲೋಭಿ, ಕುಡುಕ, ಬಡಾಯಿಕೋರ ಎಲ್ಲರೂ ಆ ಹಡಗಿನ ಪ್ರಯಾಣಿಕರು. ಅದರಲ್ಲಿ ಮೊದಲ ಸ್ಥಾನ ಯಾರಿಗೆ? ಅರ್ಥವಾಗದ ಗ್ರಂಥಗಳನ್ನು ಕೂಡಿಹಾಕಿ, ಅವುಗಳ ಮೇಲಿನ ನೊಣ ಓಡಿಸುತ್ತ ಕುಳಿತ ವಿದ್ವಾಂಸನಿಗೆ! ಕವಿ ತನ್ನ ವರ್ಗದವರನ್ನೇ ಮೊದಲು ಹಡಗು ಹತ್ತಿಸಿದನು. ಮರದಚ್ಚಿನ ಚಿತ್ರಗಳಿದ್ದುದರಿಂದ ಓದಬಾರದವರೂ ನೋಡಿ ನಕ್ಕರು. 1497ರ ಲ್ಯಾಟಿನ್ ಅನುವಾದ ಅದನ್ನು ಯೂರೋಪಿನಲ್ಲೆಲ್ಲ ಹಬ್ಬಿಸಿತು.

ನಮ್ಮಲ್ಲಿ 16ನೆಯ ಶತಮಾನದ ಕನಕದಾಸರು ಭಾಮಿನಿ ಷಟ್ಪದಿಯಲ್ಲಿ 'ರಾಮಧಾನ್ಯ ಚರಿತೆ'ಯನ್ನು ರಚಿಸಿದರು. ತಾನೇ ಶ್ರೇಷ್ಠವೆಂದು ಬತ್ತ ರಾಗಿಯನ್ನು ಜರೆಯುತ್ತದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಬತ್ತ ಕಳೆಗುಂದುತ್ತದೆ, ರಾಗಿ ಕೆಡದೆ ಉಳಿದು, ರಾಘವನ ಹೆಸರನ್ನೇ ಪಡೆಯುತ್ತದೆ. ಜಗಳ ಧಾನ್ಯಗಳದು; ಪೆಟ್ಟು ಬಿದ್ದುದು ಮೇಲುಕೀಳಿನ ಹಮ್ಮಿಗೆ.

ಅಲ್ಲಿ ಮುದ್ರಣಾಲಯ ವಿಡಂಬನೆಯನ್ನು ಹೊತ್ತು ನಡೆಯಿತು. ಇಲ್ಲಿ ಓಲೆಗರಿ ಮತ್ತು ಹಾಡುವ ಕಂಠ. ಕಾಲಾಂತರದಲ್ಲಿ ಎರಡು ದಾರಿಗಳು ಕೂಡಿದುದೊಂದು ಸೋಜಿಗ. ಬ್ರಾಂಟನ ಕಾವ್ಯ ಅಚ್ಚಾದ ಬಾಸೆಲ್ ನಗರದ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತು. 1841ರಲ್ಲಿ ಅಲ್ಲಿ ಅಚ್ಚುಕೂಟ ತೆರೆಯಿತು. ಆ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿಯೇ ದಾಸರ ಪದಗಳನ್ನು ಸಂಗ್ರಹಿಸಿ ಮುದ್ರಣಕ್ಕೆ ತಂದನು. ತುಳಸಿಗೇರಿಗೆ ದೂರವಲ್ಲದ ಗುಳೇದಗುಡ್ಡದಲ್ಲಿಯೂ ಆ ಮಿಶನ್ನಿನ ಠಾಣೆಯೊಂದಿತ್ತು.

ನಮ್ಮದು ಜೋಳ, ಸಜ್ಜೆಯ ಸೀಮೆ. ರಾಮಧಾನ್ಯದ ಕಥೆ ಹೇಳಿದಾಗ, ಹೊಲದಲ್ಲಿ ರಾಗಿ ಕಾಣದ ಹುಡುಗನೊಬ್ಬ, "ಸರ್, ಇದು ನಮ್ಮ ಸಜ್ಜಿ ಕಥೀನ ಐತ್ರೀ" ಎಂದನು. ಊಟದ ಗಂಟನ್ನು ಮರೆಮಾಡಿ ಬಿಚ್ಚುತ್ತಿದ್ದ ಹುಡುಗ ಅವನು. ದುರ್ಬಲರನ್ನು ನೋಡಿ ನಗುವುದು ಸುಲಭ. ಅವರ ತಲೆ ಎತ್ತಿಸುವ ನಗೆಯೇ ವಿಡಂಬನೆ.

ಆ ಸಂಜೆ ಮನೆಗೆ ಬಂದು ನನ್ನ ಕಪಾಟು ನೋಡಿದೆನು. ಹಾಳೆ ತಿರುವದ ಗ್ರಂಥಗಳು ಸಾಲಾಗಿ ನಿಂತಿದ್ದವು. ಬ್ರಾಂಟನ ಹಡಗಿನಲ್ಲಿ ನನಗೂ ಒಂದು ಸ್ಥಳ ಕಾದಿರಿಸಿದೆ!